ನಾರ್ಟನ್ ಚಕ್ರವರ್ತಿಯ ವಿಷಯವಾಗಿ ಭಾವನವರಿಗೆ ಉತ್ತರ

ಪುಟ್ಟಿ, ಟೋಪಿಗೆ ಗರಿ ಸಿಕ್ಕಿಸಿಕೊಂಡ ಗಡ್ಡದ ಮನುಷ್ಯನ ಚಿತ್ರವನ್ನು ನೀನು ನಿನ್ನೆ ಗುಂಪಿನಲ್ಲಿ ಹಾಕಿದ್ದನ್ನೂ, ಅದರ ಕೆಳಗೆ ಭಾವನವರು "ಇಂಥವನನ್ನು ಆಸ್ಪತ್ರೆಗೆ ಸೇರಿಸುವುದು ಬಿಟ್ಟು ಊರೆಲ್ಲ ಸೇರಿ ಕುಣಿಸಿತಲ್ಲ" ಎಂದು ಬರೆದದ್ದನ್ನೂ ಈಗಷ್ಟೇ ನೋಡಿದೆ. ಇಷ್ಟನ್ನೆಲ್ಲ ಟೈಪು ಮಾಡುವ ತಾಳ್ಮೆ ನನಗಿಲ್ಲದ ಕಾರಣ ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾದರೆ ಎಲ್ಲರೂ ಸಹಿಸಿಕೊಳ್ಳಬೇಕು.

ಆತನ ಹೆಸರು ಜೋಶುವಾ ನಾರ್ಟನ್. ಇಂಗ್ಲೆಂಡಿನಲ್ಲಿ ಹುಟ್ಟಿ, ದಕ್ಷಿಣ ಆಫ್ರಿಕದಲ್ಲಿ ಬೆಳೆದು, 1849ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ವ್ಯಾಪಾರದಲ್ಲಿ ಚೆನ್ನಾಗಿಯೇ ಹಣ ಮಾಡಿದ್ದ. ಚೀನಾದಿಂದ ಅಕ್ಕಿ ಬರುವುದು ನಿಂತು ಒಂದು ಪೌಂಡ್ ತೂಕದ ಅಕ್ಕಿಯ ಬೆಲೆ 36 ಸೆಂಟಿಗೆ ಏರಿದ್ದಾಗ, ಪೆರುವಿನಿಂದ ಬಂದ ಒಂದು ಹಡಗಿನ ಅಕ್ಕಿಯನ್ನೆಲ್ಲ 12.5 ಸೆಂಟಿನ ದರದಲ್ಲಿ ಕೊಳ್ಳಲು ಒಪ್ಪಿಕೊಂಡ. ಬೆನ್ನಿಗೇ ಇನ್ನಷ್ಟು ಹಡಗುಗಳು ಬಂದು ಬೆಲೆ ನೆಲ ಕಚ್ಚಿತು. ಕೋರ್ಟಿನಲ್ಲೂ ಸೋತು ದಿವಾಳಿಯಾದ. 1859ರ ಸೆಪ್ಟೆಂಬರ್ 17ರಂದು, ತಾನು ಅಮೆರಿಕದ ಚಕ್ರವರ್ತಿ ಎಂದು ಸಾರುವ ಒಂದು ಹಾಳೆಯನ್ನು ಪತ್ರಿಕೆಗೆ ಕೊಟ್ಟ. ಅವರು ಅದನ್ನು ಅಚ್ಚು ಹಾಕಿದರು.

ಅಲ್ಲಿಂದ ಸಾಯುವವರೆಗೆ 20 ವರ್ಷ ಆತ ಅದೇ ಆಗಿದ್ದ. ದಿನಕ್ಕೆ 50 ಸೆಂಟ್ ಬಾಡಿಗೆಯ ಪುಟ್ಟ ಕೋಣೆಯಲ್ಲಿ ವಾಸ. ಬೆಳಗಾದರೆ ಹೆಗಲ ಮೇಲೆ ಚಿನ್ನದ ಬಣ್ಣದ ಪಟ್ಟಿಗಳಿದ್ದ ಹಳೆಯ ನೀಲಿ ಸೈನಿಕ ಕೋಟು ತೊಟ್ಟು, ಊರುಗೋಲು ಹಿಡಿದು, ಫುಟ್‌ಪಾತು ಸರಿಯಿದೆಯೇ ಎಂದು ಪರಿಶೀಲಿಸುತ್ತ ಬೀದಿ ಸುತ್ತುವುದೇ ರಾಜಕಾರ್ಯ. ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ ಸಣ್ಣ ಮೊತ್ತದ ಸಾಲಪತ್ರಗಳನ್ನು ಮಾರುತ್ತಿದ್ದ. ಜನ ಕೊಳ್ಳುತ್ತಲೂ ಇದ್ದರು. ಇನ್ನೊಂದು ಮಾತು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಸೇತುವೆ ಕಟ್ಟಬೇಕೆಂದು ಆತ 1872ರಲ್ಲೇ ಆಜ್ಞೆ ಹೊರಡಿಸಿದ್ದ. ಅಲ್ಲಿ ಸೇತುವೆ ತೆರೆದದ್ದು 1936ರಲ್ಲಿ. ಹುಚ್ಚು ಎಂದು ಒಂದೇ ಏಟಿಗೆ ತಳ್ಳಿಹಾಕುವ ಮುನ್ನ ಇದನ್ನೂ ನೆನೆಯಬೇಕು.

ಇನ್ನು ಭಾವನವರ ಮಾತು. ಆಸ್ಪತ್ರೆಗೆ ಸೇರಿಸುವ ಪ್ರಯತ್ನವೂ ನಡೆದಿತ್ತು, ಭಾವ. 1867ರಲ್ಲಿ ಒಬ್ಬ ಪೊಲೀಸು ಆತನನ್ನು ಬುದ್ಧಿಭ್ರಮಣೆಯ ಚಿಕಿತ್ಸೆಗೆಂದು ಹಿಡಿದು ಒಯ್ದಾಗ ಪತ್ರಿಕೆಗಳು ತಿರುಗಿಬಿದ್ದವು. ಪೊಲೀಸ್ ಮುಖ್ಯಸ್ಥ ಪ್ಯಾಟ್ರಿಕ್ ಕ್ರೌಲಿಯೇ ಬಿಡುಗಡೆ ಮಾಡಿಸಿದ. ಆಮೇಲೆ ಬೀದಿಯಲ್ಲಿ ಎದುರಾದ ಪೊಲೀಸರು ಆತನಿಗೆ ಸೆಲ್ಯೂಟ್ ಹೊಡೆಯುತ್ತಿದ್ದರಂತೆ. ಆದರೆ ಕುಣಿಸಿದರು ಎಂಬ ನಿಮ್ಮ ಮಾತು ಪೂರ್ತಿ ತಪ್ಪೆಂದೂ ನಾನು ಹೇಳಲಾರೆ. ಪ್ರಸಾರ ಹೆಚ್ಚಿಸಿಕೊಳ್ಳಲು ಪತ್ರಿಕೆಗಳು ಆತ ಬರೆಯದ ಆಜ್ಞೆಗಳನ್ನೂ ಆತನ ಹೆಸರಿನಲ್ಲಿ ಹೊಸೆದವು. ಪ್ರೀತಿಯೂ ವ್ಯಾಪಾರವೂ ಒಂದೇ ಕೈಯಿಂದ ನಡೆದವು ಎಂದೇ ನನಗನ್ನಿಸುತ್ತದೆ.

ಪುಟ್ಟಿ, ನೀನು ಹಾಕಿದ್ದರಲ್ಲಿ ಒಂದು ತಪ್ಪಿದೆ: ಬಮ್ಮರ್ ಮತ್ತು ಲಾಜರಸ್ ಎಂಬ ಎರಡು ನಾಯಿಗಳನ್ನು ಆತನ ಸಾಕುನಾಯಿಗಳೆಂದು ಬರೆದಿದ್ದೀಯ, ಆದರೆ ಅವು ಆತನವಲ್ಲ, ಬೀದಿನಾಯಿಗಳು. ವ್ಯಂಗ್ಯಚಿತ್ರಕಾರನೊಬ್ಬ ಮೂವರನ್ನೂ ಒಟ್ಟಿಗೆ ಬರೆದದ್ದರಿಂದ ಹಾಗೆ ಹಬ್ಬಿತು.

1880ರ ಜನವರಿ 8ರ ಸಂಜೆ ಒಂದು ಉಪನ್ಯಾಸ ಕೇಳಲು ಹೊರಟಿದ್ದವನು ಬೀದಿಯ ಮೂಲೆಯಲ್ಲೇ ಕುಸಿದು ತೀರಿಕೊಂಡ. ಅಂತಿಮ ದರ್ಶನಕ್ಕೆ ಸುಮಾರು 10,000 ಜನ ಬಂದರೆಂದು ವರದಿಯಾಯಿತು. ಜೇಬಿನಲ್ಲಿ ಸಿಕ್ಕಿದ್ದು ಕೆಲವೇ ಡಾಲರು. ಕೋಣೆಯಲ್ಲಿ ಊರುಗೋಲುಗಳು, ಟೋಪಿಗಳು, ಜೊತೆಗೆ ಒಂದಷ್ಟು ತಂತಿ ಸಂದೇಶಗಳು, ಅಂದರೆ ಟೆಲಿಗ್ರಾಂಗಳು, ಇದ್ದವು. ಆತ ವಿಕ್ಟೋರಿಯಾ ರಾಣಿಯನ್ನು ಮದುವೆಯಾಗುತ್ತಿರುವುದಕ್ಕೆ ರಷ್ಯದ ದೊರೆ ಅಭಿನಂದನೆ ಹೇಳಿ ಕಳುಹಿಸಿದಂತೆ, ಯಾರೋ ತಮಾಷೆಗೆ ಬರೆದ ತಂತಿಯೂ ಅವುಗಳಲ್ಲಿ ಒಂದು.