ಟೈಟಾನಿಕ್ ಮಾದರಿ: ಮುಂದಿನ ಡೆಕ್ಕಿನ ಮೂರನೆಯ ಲಂಗರನ್ನು ಎಲ್ಲಿಡಬೇಕು?

ಗೋಂದುಕೈ, ಸಾಗರ

ನಮಸ್ಕಾರ. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಟೈಟಾನಿಕ್ ಹಡಗಿನ ಪ್ಲಾಸ್ಟಿಕ್ ಮಾದರಿಯೊಂದನ್ನು ಜೋಡಿಸುತ್ತಿದ್ದೇನೆ. 1:400 ಅಳತೆ. 269 ಮೀಟರಿನ ಹಡಗು ನಮ್ಮ ಊಟದ ಮೇಜಿನ ಮೇಲೆ 67 ಸೆಂಟಿಮೀಟರ್ ಆಗಿ ಕುಳಿತಿದೆ. ಮೂರು ತಿಂಗಳಿನಿಂದ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದೇವೆ.

ಹೊಗೆಗೊಳವೆ, ದೋಣಿ, ಕಿಟಕಿ ಎಲ್ಲ ಮುಗಿಯಿತು. ಸಿಕ್ಕಿಬಿದ್ದಿರುವುದು ಮುಂದಿನ ಡೆಕ್ಕಿನಲ್ಲಿ. ಡಬ್ಬಿಯಲ್ಲಿ ಮೂರು ಲಂಗರುಗಳಿವೆ. ಎರಡು ಅಕ್ಕಪಕ್ಕ ನೇತಾಡುತ್ತವೆ, ಅದು ಸರಿ. ಎಲ್ಲಕ್ಕಿಂತ ದೊಡ್ಡದನ್ನು ಮೂತಿಯ ತುದಿಯಲ್ಲಿ ಡೆಕ್ಕಿನ ಹಳ್ಳದೊಳಗೆ ಮಲಗಿಸಿ ಎಂದು ಚಿತ್ರ ಹೇಳುತ್ತದೆ. ನೀರಿಗೆ ಇಳಿಯಬೇಕಾದದ್ದನ್ನು ಮಲಗಿಸುವುದೇಕೆ? ಇನ್ನೊಂದು ಗೊಂದಲ: ಮುಂದಿನ ಕಂಬದ ಮೇಲೆ ಕಾವಲುಗಾರರ ಬುಟ್ಟಿ ಇದೆ, ಆದರೆ ಹತ್ತಲು ಏಣಿಯೇ ಇಲ್ಲ. ನಾನು ಬಿಡಿಭಾಗ ಕಳೆದುಕೊಂಡೆನೆಂದು ಎರಡು ದಿನ ಮಂಚದ ಕೆಳಗೆಲ್ಲ ಹುಡುಕಿದೆ. ಇನ್ನು ಪಕ್ಕದ ಮನೆಯ ಹುಡುಗನಿಗೆ, ಮೂತಿಯ ತುದಿಯಲ್ಲಿ ಕೈ ಚಾಚಿ ನಿಂತ ಇಬ್ಬರನ್ನು ಅಂಟಿಸಲೇಬೇಕಂತೆ. ಪ್ರಯಾಣಿಕರನ್ನು ಅಲ್ಲಿಗೆ ಬಿಡುತ್ತಿದ್ದರೇ?

ಇತಿಹಾಸದ ಮೇಷ್ಟ್ರು, ಧಾರವಾಡ

ಬಿಡುತ್ತಿದ್ದರು. ಮುಂಭಾಗ ಮೂರನೆಯ ದರ್ಜೆಯವರ ಜಾಗ. ಅಂಟಿಸಿ, ಹುಡುಗನ ಆಸೆ ಏಕೆ ಮುರಿಯುತ್ತೀರಿ?

ಮೂತಿಯ ವಿಷಯ ಬಂದದ್ದಕ್ಕೆ ಒಂದು ಮಾತು. 1913ರಲ್ಲಿ ಹೊರಟ ಜರ್ಮನಿಯ ‘ಇಂಪರೇಟರ್’ ಹಡಗಿನ ಮೂತಿಗೆ ಕಂಚಿನ ಹದ್ದೊಂದನ್ನು ಕೂರಿಸಿದ್ದರು. ಇಂಗ್ಲೆಂಡಿನ ‘ಅಕ್ವಿಟೇನಿಯಾ’ಕ್ಕಿಂತ ತಮ್ಮ ಹಡಗೇ ಉದ್ದ ಎನಿಸಿಕೊಳ್ಳುವ ಹಟಕ್ಕೆ. ಅಟ್ಲಾಂಟಿಕ್ ಬಿರುಗಾಳಿ ಅದರ ರೆಕ್ಕೆಗಳನ್ನು ಕಿತ್ತುಹಾಕಿತು. ಕೊನೆಗೆ ಹದ್ದನ್ನೇ ಇಳಿಸಿಬಿಟ್ಟರು.

ಹಳೆಯ ಬೋಸನ್, ಉಳ್ಳಾಲ

ಮೇಷ್ಟ್ರೇ, ಹದ್ದಿನ ಕಥೆ ಸರಿ. ಮೊದಲನೆಯದು ಅರ್ಧ ಮಾತ್ರ ಸರಿ. ನಾನು ಸರಕು ಹಡಗುಗಳಲ್ಲಿ ಮೂವತ್ತೊಂದು ವರ್ಷ ದುಡಿದವನು, ಬೋಸನ್ ಎಂದರೆ ಡೆಕ್ಕಿನ ಖಲಾಸಿಗಳ ಮೇಸ್ತ್ರಿ, ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಈ ಮೂತಿಯ ಮೇಲೆಯೇ. ನಾವು ಅದನ್ನು ಫೋಕ್ಸಲ್ ಎನ್ನುತ್ತೇವೆ.

ಟೈಟಾನಿಕ್‌ನ ಮುಂಭಾಗದಲ್ಲಿ ಎರಡು ಮಟ್ಟಗಳಿವೆ. ತುದಿಯಲ್ಲಿ ಎತ್ತರದ ಫೋಕ್ಸಲ್, ಅದರ ಹಿಂದೆ ತಗ್ಗಿನಲ್ಲಿ ಬಾವಿಯ ಹಾಗಿರುವ ವೆಲ್ ಡೆಕ್. ಮೂರನೆಯ ದರ್ಜೆಯವರಿಗೆ ಅವಕಾಶವಿದ್ದದ್ದು ಆ ತಗ್ಗಿನಲ್ಲಿ. 1912ರ ಏಪ್ರಿಲ್ 14ರ ರಾತ್ರಿ ಮಂಜುಗಡ್ಡೆಯ ಚೂರುಗಳು ಬಿದ್ದದ್ದು ಅಲ್ಲಿಗೇ, ಕೆಲವರು ಅವನ್ನು ಚೆಂಡಿನಂತೆ ಒದ್ದು ಆಡಿದ್ದೂ ಅಲ್ಲಿಯೇ. ಫೋಕ್ಸಲ್ ಮೇಲೆ ಪ್ರಯಾಣಿಕರಿಗೆ ಕೆಲಸವಿಲ್ಲ. ಅಲ್ಲಿ ಕಾಲಿಟ್ಟಲ್ಲೆಲ್ಲ ಎಡವುವ ಕಬ್ಬಿಣ: ಸರಪಳಿ, ಹಗ್ಗ ಸುತ್ತುವ ಗೂಟ, ಹಗ್ಗ ಎಳೆಯುವ ತಿರುಗು ಉರುಳೆಯಾದ ಕ್ಯಾಪ್‌ಸ್ಟನ್. ಸರಪಳಿ ಓಡುವಾಗ ಅದರ ಸಾಲಿನಲ್ಲಿ ನಿಂತವನ ಕಾಲು ಉಳಿಯುವುದಿಲ್ಲ. ನಮ್ಮಲ್ಲಿ ಹೊಸ ಖಲಾಸಿಗೆ ಮೊದಲ ದಿನ ಕಲಿಸುತ್ತಿದ್ದದ್ದೇ ಎಲ್ಲಿ ನಿಲ್ಲಬಾರದು ಎಂಬುದನ್ನು.

ಈಗ ನಿಮ್ಮ ಲಂಗರು. ಪಕ್ಕದ ಎರಡೂ ಸುಮಾರು ಎಂಟೆಂಟು ಟನ್, ದಿನನಿತ್ಯದ ಕೆಲಸಕ್ಕೆ ಅವು ಸಾಕು. ಅವುಗಳ ಸರಪಳಿ ಡೆಕ್ಕಿನ ಮೇಲೆ ಹಾದು ತಿರುಗುವ ಚಕ್ರಕ್ಕೆ ಸುತ್ತಿಕೊಂಡು ಕೆಳಗಿನ ಸರಪಳಿ ಕೋಣೆಗೆ ಇಳಿಯುತ್ತದೆ. ಮೂರನೆಯದು ಹದಿನೈದೂವರೆ ಟನ್, ಅದು ಆಪತ್ಕಾಲಕ್ಕೆ. ಅದಕ್ಕೆ ಸರಪಳಿಯಲ್ಲ, ಉಕ್ಕಿನ ತಂತಿಹಗ್ಗ. ಮೂತಿಯ ನಟ್ಟನಡುವಿನ ತೂತಿನಿಂದ ಅದು ಹೊರಬರುತ್ತದೆ. ಲಂಗರನ್ನು ಹಳ್ಳದಿಂದ ಎತ್ತಿ ಮೂತಿಯಾಚೆಗೆ ತಿರುಗಿಸಿ ಇಳಿಸುವುದಕ್ಕೇ ಪಕ್ಕದಲ್ಲಿ ಪುಟ್ಟ ಕ್ರೇನ್ ಇರುವುದು. ಇಷ್ಟು ಭಾರದ್ದನ್ನು ತುದಿಯಲ್ಲಿ ತೂಗುಹಾಕಿದರೆ ಪ್ರತಿ ಅಲೆಗೂ ಅದು ಹಡಗಿನ ಮುಖಕ್ಕೆ ಗುದ್ದುತ್ತದೆ. ಮಲಗಿಸಿ ಬಿಗಿಯಾಗಿ ಕಟ್ಟುವುದೇ ಕ್ಷೇಮ.

ಒಂದನೆಯ ಸರಕು ಬಾಗಿಲಿನ ಮುಂದೆ ಬಾಣದ ತುದಿಯಂಥ ಗಿಡ್ಡ ಗೋಡೆ ಇರುತ್ತದೆ, ಅದನ್ನು ಮರೆಯಬೇಡಿ. ಮೂತಿ ಹತ್ತಿ ಬಂದ ನೀರನ್ನು ಸೀಳಿ ಎರಡೂ ಬದಿಗೆ ತಳ್ಳುವುದು ಅದರ ಕೆಲಸ. ನೀರಿನ ಹೊಡೆತವೆಂದರೆ ತಮಾಷೆಯಲ್ಲ. 1910ರ ಜನವರಿಯಲ್ಲಿ ‘ಲುಸಿಟೇನಿಯಾ’ ಹಡಗಿನ ಮೇಲೆ ಬಿದ್ದ ಒಂದೇ ಒಂದು ಅಲೆ ಫೋಕ್ಸಲ್ ಡೆಕ್ಕನ್ನು ಜಖಂಗೊಳಿಸಿ, ಹಿಂದೆ ಅಷ್ಟು ಎತ್ತರದಲ್ಲಿದ್ದ ಬ್ರಿಜ್ಜಿನ, ಅಂದರೆ ಹಡಗು ನಡೆಸುವ ಕೋಣೆಯ, ಕಿಟಕಿಗಳನ್ನೂ ಒಡೆದುಹಾಕಿತ್ತು.

ಏಣಿ ಕಳೆದಿಲ್ಲ, ಮಂಚದ ಕೆಳಗೆ ಹುಡುಕಬೇಡಿ. ಆ ಕಂಬ ಟೊಳ್ಳು ಉಕ್ಕಿನದು, ಏಣಿ ಒಳಗಿದೆ. ಆ ರಾತ್ರಿ ಫ್ಲೀಟ್ ಮತ್ತು ಲೀ ಎಂಬ ಕಾವಲುಗಾರರು ಹತ್ತಿದ್ದು ಅದರ ಒಳಗಿನಿಂದಲೇ. ಪಾಳಿ ಎರಡೇ ಗಂಟೆ. ಆ ಚಳಿಗಾಳಿಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕಣ್ಣು ಕೆಲಸ ಮಾಡುವುದಿಲ್ಲ.

ಡಡ್ಲಿಯ ಸೊಸೆ, ಇಂಗ್ಲೆಂಡ್

ಬೋಸನ್ ಅಂಕಲ್ ಹೇಳಿದ ಆ ದೊಡ್ಡ ಲಂಗರನ್ನು ಮಾಡಿದ್ದು ನಮ್ಮ ಮನೆಯ ಹತ್ತಿರದ ನೆದರ್ಟನ್‌ನಲ್ಲಿ, ನೋವಾ ಹಿಂಗ್ಲಿ ಎಂಬವರ ಕಾರ್ಖಾನೆಯಲ್ಲಿ. 1911ರಲ್ಲಿ ಇಪ್ಪತ್ತು ಕುದುರೆಗಳನ್ನು ಕಟ್ಟಿ ಅದನ್ನು ಡಡ್ಲಿಯ ರೈಲು ನಿಲ್ದಾಣಕ್ಕೆ ಎಳೆಸಿದ್ದರು. ಹಡಗು ತಯಾರಾಗುತ್ತಿದ್ದದ್ದು ಸಮುದ್ರದಾಚೆಯ ಬೆಲ್‌ಫಾಸ್ಟ್‌ನಲ್ಲಿ, ಲಂಗರು ಹುಟ್ಟಿದ್ದು ಸಮುದ್ರವೇ ಕಾಣದ ಈ ಊರಿನಲ್ಲಿ. ನೆದರ್ಟನ್‌ನಲ್ಲಿ ಈಗ ಅದರ ಪ್ರತಿಕೃತಿ ಇದೆ. ಕಳೆದ ತಿಂಗಳು ಅತ್ತೆ ಬಂದಿದ್ದಾಗ ತೋರಿಸಿದೆ. ನಮ್ಮೂರ ತೇರಿನ ಗಾಲಿಯೇ ವಾಸಿ, ಅದಾದರೂ ಉರುಳುತ್ತದೆ ಎಂದರು.

ಗೋಂದುಕೈ, ಸಾಗರ

ಎಲ್ಲರಿಗೂ ಕೃತಜ್ಞತೆಗಳು. ಲಂಗರು ಮಲಗಿತು, ಗಿಡ್ಡ ಗೋಡೆ ನಿಂತಿತು. ಹುಡುಗನ ಜೊತೆ ರಾಜಿಯಾಗಿದೆ: ಆ ಇಬ್ಬರನ್ನು ವೆಲ್ ಡೆಕ್ಕಿಗೆ ಇಳಿಸಿದ್ದೇವೆ. ಒಂದು ತಪ್ಪು ಒಪ್ಪಿಕೊಳ್ಳಬೇಕು. ಸರಪಳಿ ಚೆಂದ ಕಾಣಲೆಂದು ಚಿನ್ನದ ಬಣ್ಣ ಬಳಿದಿದ್ದೇನೆ.

ಹಳೆಯ ಬೋಸನ್, ಉಳ್ಳಾಲ

ಅಯ್ಯೋ ಸ್ವಾಮಿ! ಕಪ್ಪು ಬಳಿಯಿರಿ, ಒಣಗಿದ ಮೇಲೆ ಅಲ್ಲಲ್ಲಿ ತುಕ್ಕಿನ ಕಂದು ಒರೆಸಿ. ಲಂಗರು ಎತ್ತುವಾಗ ಕೊಳವೆಯಿಂದ ನೀರು ಬಿಟ್ಟು ಒಂದೊಂದೇ ಕೊಂಡಿಯ ಕೆಸರು ತೊಳೆಯುತ್ತಿದ್ದೆವು, ಆದರೂ ಅದು ಎಂದೂ ಹೊಳೆದದ್ದನ್ನು ನಾನು ಕಂಡಿಲ್ಲ. ಮತ್ತೊಂದು ವಿಷಯ: ಸರಪಳಿ ಹಾಯುವ ಜಾಗದಲ್ಲಿ ಮರದ ಹಲಗೆಯ ಗೆರೆ ಬರೆದಿದ್ದರೆ ಅಳಿಸಿ. ಅಲ್ಲಿ ಕಬ್ಬಿಣದ ತಗಡು ಇರಬೇಕು. ಫೋಟೊ ಹಾಕಿ, ನೋಡುತ್ತೇನೆ.