ಪದಚರ್ಚೆ: ಫರ್ಮ್‌ವೇರ್ ‘ಸ್ಥಿರ’ವೇ? ಬ್ಯುಸಿಔಟ್‌ಗೆ ಏನೆನ್ನುವುದು?

ಎಲ್ಲರಿಗೂ ನಮಸ್ಕಾರ.

ದೂರವಾಣಿ ಕೆಲಸದಿಂದ ನಿವೃತ್ತರಾದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಕಡೆಯ ಒಬ್ಬರು, ಫೋನ್ ಲೈನಿನಲ್ಲಿ ಮೋಡೆಮ್ ಮೂಲಕ ಅಂತರ್ಜಾಲಕ್ಕೆ ಹೋಗುತ್ತಿದ್ದ ಡಯಲ್‌ಅಪ್ ಕಾಲದ ಅನುಭವಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದಾರೆ. ಕರಡು ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರವಣಿಗೆ ಸಲೀಸಾಗಿಯೇ ಉಂಟು. ತಕರಾರು ಹುಟ್ಟಿದ್ದು ಒಂದೇ ಅಧ್ಯಾಯದಲ್ಲಿ, ಸರ್ವರ್ ಒಳಗಿನ ಮೋಡೆಮ್‌ಗಳಿಗೆ ಹೊಸ ಫರ್ಮ್‌ವೇರ್ (ಉಪಕರಣದ ಒಳಗೇ ಓಡಿ ಅದನ್ನು ನಡೆಸುವ ತಂತ್ರಾಂಶ) ಹಾಕುವ ವಿಷಯದಲ್ಲಿ. ಅವರು ಉದ್ದಕ್ಕೂ ‘ಫರ್ಮ್‌ವೇರ್’ ಎಂದೇ ಬರೆದಿದ್ದಾರೆ. ಕರಡು ಓದಿದ ಇನ್ನೊಬ್ಬ ಹಿರಿಯರು ಅದನ್ನು ಪೆನ್ಸಿಲಿನಲ್ಲಿ ಹೊಡೆದು ‘ಸ್ಥಿರ ತಂತ್ರಾಂಶ’ ಎಂದು ತಿದ್ದಿದರು. ಲೇಖಕರು ಸುತರಾಂ ಒಪ್ಪಲಿಲ್ಲ. “ಮಾಷ್ಟ್ರೇ, ಅದು ಸ್ಥಿರ ಆಗಿದ್ದಿದ್ದರೆ ನನಗೆ ರಾತ್ರಿ ಡ್ಯೂಟಿ ಯಾಕೆ ಹಾಕ್ತಿದ್ರು?” ಎಂದು ನನ್ನನ್ನೇ ಕೇಳಿದರು. ನಾನು ಅವರ ಪಕ್ಷ. ಯಾಕೆಂದು ಹೇಳಿ, ಆಮೇಲೆ ‘ಬ್ಯುಸಿಔಟ್’ (ನಡೆಯುತ್ತಿರುವ ಕರೆ ಕಡಿಯದೆ ಮೋಡೆಮನ್ನು ಬದಿಗಿಡುವ ಆಜ್ಞೆ) ಬಗ್ಗೆ ನಿಮ್ಮನ್ನು ಕೇಳಬೇಕಾದ್ದನ್ನು ಕೇಳುತ್ತೇನೆ.

ಮನೆಯ ಮೋಡೆಮ್ ಎಂದರೆ ಮಿಣಿಮಿಣಿ ದೀಪದ ಒಂದು ಪೆಟ್ಟಿಗೆ, ಹಿಂದೆ ಫೋನಿನ ತಂತಿ. ಆ ಕಡೆ, ಅಂದರೆ ನಾವು ಡಯಲ್ ಮಾಡಿದಾಗ ಕರೆ ಎತ್ತಿಕೊಳ್ಳುವ ಸರ್ವರ್‌ನಲ್ಲಿ, ಅಂಥ ಪೆಟ್ಟಿಗೆಗಳ ಸಾಲು ಇರುವುದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಡಿಜಿಟಲ್ ಲೈನ್ ನೇರ ಬರುತ್ತದೆ. ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಇ1 ಲೈನ್ ಒಂದರಲ್ಲಿ 30 ಕರೆ. ಅಂಥ ನಾಲ್ಕು ಲೈನ್ ಕೊಟ್ಟರೆ 120. ಪ್ರತಿ ಕರೆಗೆ ಬೇಕಾದ ಮೋಡೆಮ್ ಒಂದು ಚಿಪ್ಪಿನ ಮೇಲೆ ಓಡುವ ಲೆಕ್ಕಾಚಾರ, ಅಷ್ಟೆ. ಸಿಸ್ಕೊ ಕಂಪನಿಯ ಎಎಸ್5300 ಸರ್ವರ್‌ನಲ್ಲಿ ‘ಮೈಕಾ’ ಎಂಬ ಮೋಡೆಮ್ ಮಾಡ್ಯೂಲ್‌ಗಳಿದ್ದವು. ಅವುಗಳ ಫರ್ಮ್‌ವೇರ್‌ಗೆ ಆ ಕಂಪನಿ ಇಟ್ಟ ಹೆಸರು ‘ಪೋರ್ಟ್‌ವೇರ್’. ಅದು ಮಾಡ್ಯೂಲ್‌ನಲ್ಲಿ ಕಾಯಮ್ಮಾಗಿ ಕೂತಿರುತ್ತಿರಲಿಲ್ಲ. ಸರ್ವರ್‌ನ ಫ್ಲ್ಯಾಶ್ ಮೆಮೊರಿಯಲ್ಲಿ (ಕರೆಂಟು ಹೋದರೂ ಅಳಿಯದ ನೆನಪು) ಇರುತ್ತಿತ್ತು, ಇಲ್ಲವೇ ಸರ್ವರ್‌ನ ಮುಖ್ಯ ತಂತ್ರಾಂಶದ ಜೊತೆಗೇ ಬರುತ್ತಿತ್ತು. ಪ್ರತಿ ಸಲ ಸರ್ವರ್ ಎದ್ದಾಗ ಅಲ್ಲಿಂದ ಮಾಡ್ಯೂಲ್‌ಗೆ ತುಂಬಿಸಬೇಕು. ಕರೆಂಟು ಹೋದರೆ ಮೋಡೆಮ್ ಖಾಲಿ. ಇದಕ್ಕೆ ‘ಸ್ಥಿರ’ ಎನ್ನುವುದು ಹೇಗೆ?

ಇನ್ನೊಂದು ತೊಡಕು ಎಲ್ಲರಿಗೂ ಗೊತ್ತಿರುವುದೇ. ಲ್ಯಾಂಡ್‌ಲೈನ್‌ಗೆ ಕನ್ನಡ ಪತ್ರಿಕೆಗಳು ‘ಸ್ಥಿರ ದೂರವಾಣಿ’ ಎಂದು ಬರೆದು ರೂಢಿಯಾಗಿದೆ. ಡಯಲ್‌ಅಪ್ ಇದ್ದದ್ದೇ ಸ್ಥಿರ ದೂರವಾಣಿಯ ಮೇಲೆ. ಹಾಗಿರುವಾಗ ‘ಸ್ಥಿರ ದೂರವಾಣಿಯಿಂದ ಬಂದ ಕರೆಯನ್ನು ಸ್ಥಿರ ತಂತ್ರಾಂಶ ಸ್ವೀಕರಿಸುತ್ತದೆ’ ಎಂಬ ವಾಕ್ಯದಲ್ಲಿ ಎರಡು ಸ್ಥಿರಗಳಿಗೆ ಎರಡು ಅರ್ಥ. ಓದುವವ ಏನು ಮಾಡಬೇಕು?

ಇಂಗ್ಲಿಷಿನ ಮೂಲ ಪದದಲ್ಲೂ ಸ್ಥಿರತೆಯ ಅರ್ಥ ಮುಖ್ಯವಲ್ಲ. ಈ ಪದವನ್ನು 1967ರಲ್ಲಿ ಡೇಟಾಮೇಷನ್ ಪತ್ರಿಕೆಯಲ್ಲಿ ಬಳಕೆಗೆ ತಂದವರು ಆಶರ್ ಓಪ್ಲರ್. ಅವರ ಮನಸ್ಸಿನಲ್ಲಿದ್ದದ್ದು ಪ್ರೊಸೆಸರ್ ಒಳಗಿನ ಮೈಕ್ರೋಕೋಡ್ (ಅದರ ಆಜ್ಞೆಗಳನ್ನು ನಡೆಸಿಕೊಡುವ ಒಳಸೂಚನೆಗಳು), ಅದೂ ತಿದ್ದಿ ಬರೆಯಬಹುದಾದದ್ದು. ಹಾರ್ಡ್ ಒಂದು ತುದಿ, ಸಾಫ್ಟ್ ಇನ್ನೊಂದು ತುದಿ, ನಡುವಿನದು ಫರ್ಮ್. ಗಟ್ಟಿ–ಮೆದು ಜೋಡಿ ಕಣ್ಣೆದುರು ಇದ್ದರೆ ಮಾತ್ರ ಈ ಚಮತ್ಕಾರ ನಿಲ್ಲುವುದು. ತಮಿಳರು ವನ್‌ಪೊರುಳ್ (ಗಟ್ಟಿ ವಸ್ತು), ಮೆನ್‌ಪೊರುಳ್ (ಮೆದು ವಸ್ತು) ಎಂದು ಆ ಜೋಡಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಮೂರನೆಯದನ್ನು ಪಕ್ಕದಲ್ಲಿ ಕೂರಿಸಲು ಅವರಿಗೆ ಜಾಗ ಉಂಟು. ನಮ್ಮ ಯಂತ್ರಾಂಶ, ತಂತ್ರಾಂಶಗಳಲ್ಲಿ ಗಟ್ಟಿಯೂ ಇಲ್ಲ ಮೆದುವೂ ಇಲ್ಲ. ಪ್ರಾಸ ಮಾತ್ರ ಇದೆ (ಒಳ್ಳೆಯ ಪ್ರಾಸವೇ, ಅದಕ್ಕೇ ಜನರ ಬಾಯಲ್ಲಿ ನಿಂತಿತು). ಅಲ್ಲಿಗೆ ‘ದೃಢಾಂಶ’ ತಂದು ಸೇರಿಸಿದರೆ ಯಾವುದರ ಮುಂದೆ ದೃಢ, ಯಾವುದರ ಮುಂದೆ ಸಡಿಲ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ಸ್ಥಿರಾಂಶ’ ಎಂದರೆ ಗಣಿತದ ಸ್ಥಿರಾಂಕದ ತಮ್ಮನ ಹಾಗೆ ಕೇಳುತ್ತದೆ. ಆದ್ದರಿಂದ ಫರ್ಮ್‌ವೇರ್ ಫರ್ಮ್‌ವೇರ್ ಆಗಿಯೇ ಇರಲಿ. ನಮ್ಮ ಪೇಟೆಗಳಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಯಾವುದನ್ನು ಆಡುವವರೂ ಮೊಬೈಲ್ ಅಂಗಡಿಯಲ್ಲಿ ಹೇಳುವುದು ಅದನ್ನೇ.

ನನಗೆ ನಿಜವಾಗಿ ತಲೆನೋವಾದದ್ದು ನಾಮಪದವಲ್ಲ, ಕ್ರಿಯಾಪದ.

‘ಅಪ್‌ಡೇಟ್’ಗೆ ಈಗ ಎಲ್ಲರೂ ‘ನವೀಕರಣ’ ಬರೆಯುತ್ತಾರೆ. ಆದರೆ ಕಾಸರಗೋಡಿನಲ್ಲಿ ಕೂತು ಆ ಪದ ಓದಿದರೆ ಮೊದಲು ನೆನಪಾಗುವುದು ಪಂಚಾಯತು ಕಚೇರಿ: ಅಂಗಡಿಯ ಲೈಸನ್ಸ್ ನವೀಕರಣ, ಪೆರ್ಮಿಟ್ ನವೀಕರಣ. ಅದೇ ಕಾಗದ, ಅವಧಿ ಮಾತ್ರ ಮುಂದಕ್ಕೆ. ಮಲಯಾಳದ ‘ಪುದುಕ್ಕಲ್’ ಮಾಡುವುದೂ ಅದೇ ಕೆಲಸವನ್ನು. ಮೋಡೆಮ್‌ನಲ್ಲಿ ಆಗುತ್ತಿದ್ದದ್ದು ಅವಧಿ ವಿಸ್ತರಣೆಯಲ್ಲ. 56ಕೆ (ಸೆಕೆಂಡಿಗೆ 56 ಕಿಲೋಬಿಟ್) ವೇಗಕ್ಕೆ ಮೊದಲು ಎರಡು ಪಂಗಡವಿತ್ತು: ಯುಎಸ್ ರೋಬೋಟಿಕ್ಸ್‌ನವರ ಎಕ್ಸ್2 ಒಂದು, ರಾಕ್‌ವೆಲ್ ಮತ್ತು ಲೂಸೆಂಟ್‌ನವರ ಕೆ56ಫ್ಲೆಕ್ಸ್ ಇನ್ನೊಂದು. ಒಂದರ ಮಾತು ಇನ್ನೊಂದಕ್ಕೆ ಆಗದು. ಹೊಂದದೆ ಹೋದರೆ 33.6 ಕಿಲೋಬಿಟ್‌ಗೋ ಅದಕ್ಕಿಂತ ಕೆಳಕ್ಕೋ ಇಳಿಯಬೇಕು. 1998ರಲ್ಲಿ ವಿ.90 ಎಂಬ ಒಂದೇ ಮಾನಕ ಬಂತು. ಆಗ ಸರ್ವರ್‌ನ ಹಲಗೆಗಳನ್ನು ಕಿತ್ತು ಎಸೆಯಬೇಕಾಗಲಿಲ್ಲ, ಅದೇ ಚಿಪ್ಪಿಗೆ ಹೊಸ ಫರ್ಮ್‌ವೇರ್ ತುಂಬಿದರೆ ವಿ.90 ಬರುತ್ತಿತ್ತು. ನಿನ್ನೆ ಗೊತ್ತಿಲ್ಲದ ಭಾಷೆ ಇವತ್ತು ಗೊತ್ತು. ಇದು ಲೈಸನ್ಸ್ ಪುದುಕ್ಕಲ್ ಅಲ್ಲ ಮಾರಾಯ್ರೆ!

ಇನ್ನು ಕೆಲವು ಸಲ ಹೊಸ ಫರ್ಮ್‌ವೇರ್ ತರುತ್ತಿದ್ದದ್ದು ಬರೀ ದೋಷ ತಿದ್ದುಪಡಿ. ಯಾವುದೋ ಒಂದು ಜಾತಿಯ ಅಗ್ಗದ ಮೋಡೆಮ್ ಇರುವ ಗಿರಾಕಿಗಳದ್ದು ಮಾತ್ರ ಸಂಪರ್ಕ ಸಿಕ್ಕಿ ಕಡಿಯುತ್ತದೆ, ಉಳಿದವರದ್ದು ಸರಿ. ಗಿರಾಕಿ ತನ್ನ ಪೆಟ್ಟಿಗೆಯನ್ನೇ ಬೈಯುತ್ತಾನೆ, ಮದ್ದು ಇರುವುದು ಆ ಕಡೆಯ ಸರ್ವರ್‌ನಲ್ಲಿ. ಎರಡಕ್ಕೂ ‘ನವೀಕರಣ’ವೇ? ಲೇಖಕರು ಕರಡಿನಲ್ಲಿ ಒಂದು ಕಡೆ ‘ಕೋಡ್ ಬದಲಿಸಿದೆವು’ ಎಂದೂ ಇನ್ನೊಂದು ಕಡೆ ‘ಹೊಸ ಕೋಡ್ ತುಂಬಿದೆವು’ ಎಂದೂ ಬರೆದಿದ್ದಾರೆ. ನನಗೆ ಎರಡೂ ಹಿಡಿಸಿವೆ. ಯಾವ ಆವೃತ್ತಿ ಎಂದು ನಿರ್ಧರಿಸುವುದು ಬದಲಿಸುವುದು. ಅದನ್ನು ಮಾಡ್ಯೂಲ್‌ಗೆ ಕಳಿಸುವುದು ತುಂಬುವುದು. ಹಳೆಯದಕ್ಕೇ ವಾಪಸು ಹೋಗಬೇಕಾದಾಗ ‘ನವೀಕರಣ’ ಕೈಕೊಡುತ್ತದೆ, ‘ಬದಲಿಸು’ ಕೊಡುವುದಿಲ್ಲ.

ಇನ್ನು ‘ಬ್ಯುಸಿಔಟ್’. ಸಿಸ್ಕೊ ಸರ್ವರ್‌ನಲ್ಲಿ ಎರಡು ಆಜ್ಞೆ ಉಂಟು. ಒಂದು ಶಟ್‌ಡೌನ್: ಮಾತಾಡುತ್ತಿರುವ ಮೋಡೆಮ್ ಆದರೂ ಅಲ್ಲಿಗೇ ಕಟ್. ಇನ್ನೊಂದು ಬ್ಯುಸಿಔಟ್: ನಡೆಯುತ್ತಿರುವ ಕರೆ ನಡೆಯಲಿ, ಅದು ಮುಗಿದ ಮೇಲೆ ಹೊಸ ಕರೆ ಆ ಮೋಡೆಮ್‌ಗೆ ಬೇಡ. ಫರ್ಮ್‌ವೇರ್ ತುಂಬುವ ಮೊದಲು ಬೇಕಾದದ್ದು ಈ ಎರಡನೆಯದು. ಹರತಾಳದ ದಿನ ಪೇಟೆಯ ಅಂಗಡಿಯವರು ಅರ್ಧ ಶಟರ್ ಎಳೆದು ಒಳಗಿದ್ದ ಗಿರಾಕಿಗೆ ಸಾಮಾನು ಕಟ್ಟಿಕೊಡುತ್ತಾರಲ್ಲ, ಹಾಗೆ. ಅದರಲ್ಲೂ ಮೈಕಾದ ಒಂದು ಮಾಡ್ಯೂಲ್‌ನಲ್ಲಿ ಆರು ಮೋಡೆಮ್‌ಗಳಿಗೆ ಸೇರಿ ಕೋಡ್ ಒಂದೇ (ಹನ್ನೆರಡರದ್ದೂ ಇತ್ತು). ಐದು ಖಾಲಿಯಾಗಿ ಆರನೆಯದರಲ್ಲಿ ಯಾರೋ ಒಬ್ಬ ನಡುರಾತ್ರಿ ಹಾಡು ಇಳಿಸುತ್ತಾ ಕೂತಿದ್ದರೆ ಆರೂ ಕಾಯಬೇಕು. ಲೇಖಕರ ರಾತ್ರಿ ಡ್ಯೂಟಿಯ ರಹಸ್ಯ ಇದೇ.

ಪೆನ್ಸಿಲ್ ಹಿಡಿದ ಹಿರಿಯರು ಎರಡು ಆಜ್ಞೆಗಳಿಗೂ ‘ಸ್ಥಗಿತಗೊಳಿಸು’ ಎಂದು ಬರೆದಿದ್ದಾರೆ. ಇದನ್ನು ಮಾತ್ರ ಬಿಡಲಿಕ್ಕಾಗದು. ಒಂದು ಆಜ್ಞೆ ಜನರ ಕರೆ ಕಡಿಯುತ್ತದೆ, ಇನ್ನೊಂದು ಕಡಿಯದೆ ಕಾಯುತ್ತದೆ. ಆ ವ್ಯತ್ಯಾಸಕ್ಕಾಗಿಯೇ ಎರಡು ಆಜ್ಞೆ ಇರುವುದು. ನನಗೆ ತೋಚಿದ್ದು ನಮ್ಮ ಮನೆಮಾತಿನ ‘ಎಂಗೇಜ್’. ‘ಫೋನ್ ಮಾಡಿದೆ, ಎಂಗೇಜ್ ಉಂಟು’ ಎನ್ನದವರು ಯಾರು? ‘ಮೋಡೆಮ್ಮನ್ನು ಎಂಗೇಜ್ ಇಡು’ ಎಂದರೆ ಅರ್ಥ ಹತ್ತಿರ ಬರುತ್ತದೆ. ಲೇಖಕರದ್ದು ಇದಕ್ಕೊಂದು ಆಕ್ಷೇಪ: ಡಯಲ್ ಮಾಡಿದವನಿಗೆ ಎಂಗೇಜ್ ಟೋನ್ ಕೇಳುವುದೇ ಇಲ್ಲ, ಯಾಕೆಂದರೆ ಕರೆ ಬೇರೆ ಖಾಲಿ ಮೋಡೆಮ್‌ಗೆ ಹೋಗುತ್ತದೆ. ಎಲ್ಲವೂ ತುಂಬಿದ್ದರೆ ಮಾತ್ರ ಟೋನ್. ಆಕ್ಷೇಪ ಸರಿಯೇ, ಆದರೂ ‘ಸ್ಥಗಿತ’ಕ್ಕಿಂತ ಇದು ಎಷ್ಟೋ ವಾಸಿ ಎಂದು ನನಗೆ ಕಾಣುತ್ತದೆ.

ಸಣ್ಣದೆರಡು. ಈ ಸರ್ವರ್ ಜಾತಿಗೆ ಆ ಕಾಲದ ಚುಟುಕು ಹೆಸರು ‘ನಾಸ್’. ಈಗಿನ ಹುಡುಗರು ನಾಸ್ ಎಂದರೆ ಫೋಟೊ, ಸಿನಿಮಾ ತುಂಬಿಡುವ ಡಿಸ್ಕ್ ಪೆಟ್ಟಿಗೆ ಎಂದುಕೊಳ್ಳುತ್ತಾರೆ. ಹಾಗಾಗಿ ಪುಸ್ತಕದಲ್ಲಿ ‘ಜಾಲಪ್ರವೇಶ ಸರ್ವರ್’ ಎಂದು ಬಿಡಿಸಿಯೇ ಬರೆಯುವುದೆಂದು ಇಬ್ಬರೂ ಒಪ್ಪಿದ್ದೇವೆ. ಎರಡನೆಯದು, ಕರೆ ಹತ್ತಿದ ಕೂಡಲೇ ಎರಡು ಮೋಡೆಮ್‌ಗಳು ಕಿರುಚಾಡಿ ಲೈನಿನ ಗುಣ ಅಳೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಟ್ರೈನ್’ ಆಗುವುದು ಎನ್ನುತ್ತಾರೆ. ಅದು ‘ತರಬೇತಿ’ ಖಂಡಿತ ಅಲ್ಲ. ಸದ್ಯಕ್ಕೆ ‘ಹೊಂದಿಸಿಕೊಳ್ಳುವುದು’ ಎಂದು ಹಾಕಿದ್ದೇನೆ. ನಡುವೆ ಲೈನ್ ಕೆಟ್ಟು ಮತ್ತೆ ಮಾಡಿದರೆ ‘ಮರುಹೊಂದಿಕೆ’.

ಈಗ ಕೇಳಬೇಕಾದ್ದು. ಪುತ್ತೂರು, ಸುಳ್ಯ, ಮಡಿಕೇರಿ, ಅತ್ತ ತಾಳವಾಡಿ, ಹೊಸೂರು ಕಡೆಯ ಎಕ್ಸ್‌ಚೇಂಜುಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಒಂದು ಲೈನನ್ನೋ ಟ್ರಂಕನ್ನೋ (ಎಕ್ಸ್‌ಚೇಂಜುಗಳ ನಡುವಿನ ಲೈನ್) ಕರೆ ಕಡಿಯದೆ ಬದಿಗೆ ಸರಿಸಿಡುವುದಕ್ಕೆ ನೀವು ನಿಮ್ಮೊಳಗೆ ಮಾತಾಡುವಾಗ ಏನೆನ್ನುತ್ತಿದ್ದಿರಿ? ಇಂಗ್ಲಿಷ್ ಪದಕ್ಕೆ ‘ಮಾಡು’ ಸೇರಿಸಿದ್ದಾದರೂ ಅಡ್ಡಿಯಿಲ್ಲ, ಆಡಿದ ಮಾತೇ ಬೇಕು. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.