ಅಪ್ಪನಿಗೆ ಸ್ಟೆಂಟ್: ಸರ್ಕಾರಿಯೋ, ಖಾಸಗಿಯೋ?

ಪ್ರಶ್ನೆ: ನಂಜನಗೂಡಿನ ಹತ್ತಿರ ನಮ್ಮೂರು. ಅಪ್ಪನಿಗೆ 63 ವರ್ಷ. ಆಂಜಿಯೋಗ್ರಾಂನಲ್ಲಿ (ಹೃದಯದ ರಕ್ತನಾಳ ನೋಡುವ ಪರೀಕ್ಷೆ) ಎರಡು ಬ್ಲಾಕ್ ಕಾಣಿಸಿದೆ. ತಕ್ಷಣ ಭಯವಿಲ್ಲ, ಆದರೆ ಜಾಸ್ತಿ ದಿನ ಬಿಡಬೇಡಿ ಎಂದಿದ್ದಾರೆ. ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕೋಕೆ ಖಾಸಗಿಯಲ್ಲಿ ಎರಡೂವರೆ ಲಕ್ಷ ಕೇಳುತ್ತಿದ್ದಾರೆ. ಬಿಪಿಎಲ್ ಕಾರ್ಡ್ ಇದೆ. ಆದರೂ ಅಣ್ಣ 'ಸರ್ಕಾರಿ ಆಸ್ಪತ್ರೆ ಬೇಡವೇ ಬೇಡ, ಜಮೀನು ಅಡ ಇಡೋಣ' ಅಂತಾನೆ. ಏನು ಮಾಡಲಿ?

ಉತ್ತರ 1: ಜಮೀನಿನ ಪತ್ರ ಬೀರುವಿನಲ್ಲೇ ಇರಲಿ. ಎರಡು ವರ್ಷದ ಹಿಂದೆ ನಮ್ಮತ್ತೆಗೂ ಹೀಗೇ ಆಗಿತ್ತು. ನಾವೂ ಮೊದಲು ಖಾಸಗಿಗೇ ಓಡಿದೆವು. ಆಂಜಿಯೋಗ್ರಾಂ ಬಿಲ್ಲೇ ಮೂರು ಪುಟ. ಗ್ಲೌಸ್ ಎಷ್ಟು ಜೊತೆ, ಹತ್ತಿ ಎಷ್ಟು ಅಂತ ಸಾಲು ಸಾಲು. ಕೇಳಿದರೆ 'ಸಿಸ್ಟಂನಲ್ಲಿ ಹಾಗೇ ಬರುತ್ತೆ' ಅಂದರು. ಸ್ಟೆಂಟ್ ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲೇ ಮಿತಿ ಹಾಕಿತು. ಔಷಧ ಲೇಪಿಸಿದ್ದಕ್ಕೆ ಆಗ 29,600 ರೂಪಾಯಿ, ಆಮೇಲೆ ಏರಿದೆ. ಹಾಗಿದ್ದರೆ ಎರಡೂವರೆ ಲಕ್ಷದಲ್ಲಿ ಉಳಿದಿದ್ದು ಯಾವುದಕ್ಕೆ? ಬಿಡಿಸಿ ಬರೆಸಿಕೊಳ್ಳಿ.

ಕೊನೆಗೆ ಸರ್ಕಾರಿಯಲ್ಲೇ ಮಾಡಿಸಿದೆವು. ಬೆಳಿಗ್ಗೆ ಐದೂವರೆಗೆ ಹೋದರೂ ನಮ್ಮ ಮುಂದೆ ನಲವತ್ತು ಜನ. ಅರ್ಧ ಜನ ಟವೆಲ್ಲೋ ನೀರಿನ ಬಾಟಲಿಯೋ ಇಟ್ಟು ಟೀಗೆ ಹೋಗಿದ್ದರು. ಡಾಕ್ಟರು ಮಾತಾಡಿದ್ದು ನಾಲ್ಕೇ ನಿಮಿಷ. ಅಷ್ಟರಲ್ಲೇ 'ಎರಡನೇ ಬ್ಲಾಕ್‌ಗೆ ಸ್ಟೆಂಟ್ ಬೇಡ, ಮಾತ್ರೆ ಸಾಕು' ಅಂದರು. ಖಾಸಗಿಯಲ್ಲಿ ಎರಡಕ್ಕೂ ಹಾಕಬೇಕು ಅಂದಿದ್ದರು. ಯಾರು ಸರಿ ಅಂತ ಹೇಳೋಕೆ ನಾನು ಡಾಕ್ಟರಲ್ಲ. ಅತ್ತೆ ಈಗ ಡೈರಿಗೆ ಹಾಲು ಹಾಕೋಕೆ ನಡೆದೇ ಹೋಗ್ತಾರೆ.

ಉತ್ತರ 2: ಬಿಪಿಎಲ್ ಕಾರ್ಡ್ ಇಟ್ಟುಕೊಂಡು ಸಾಲ ಯಾಕೆ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಮೊತ್ತ) ಶೇ. 30 ಮಾತ್ರ. ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗಳೂ ಇವೆ. ಆದರೆ ಇಂಥ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು, ತುರ್ತು ಇದ್ದರೆ ಮಾತ್ರ ವಿನಾಯಿತಿ. ನಾವು ಚೀಟಿ ಇಲ್ಲದೆ ಅಡ್ಮಿಟ್ ಮಾಡಿಸಿ, ಆಮೇಲೆ 85 ಸಾವಿರ ಕೈಯಿಂದ ಕಟ್ಟಿದೆವು. ಕ್ಲರ್ಕ್ 'ಮೊದಲೇ ತರಬೇಕಿತ್ತಲ್ವಾ' ಅಂತ ಸುಮ್ನೆ ಕೂತ. ನಿಮಗಂತೂ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಹತ್ತಿರ. ಅದೂ ಸರ್ಕಾರದ್ದೇ. ಮೊದಲು ಅಲ್ಲಿ ವಿಚಾರಿಸಿ.

ಉತ್ತರ 3: ನಾನು ಅಣ್ಣನ ಕಡೆ, ಅರ್ಧ. ನಮ್ಮಮ್ಮನಿಗೆ ಸರ್ಕಾರಿಯಲ್ಲಿ ಮೂರು ಸಲ ತಾರೀಖು ಮುಂದೆ ಹೋಯಿತು. ಪ್ರತಿ ಸಲ ಇಬ್ಬರ ಕೂಲಿ ಹೋಯಿತು, ಜೊತೆಗೆ ಬಸ್ಸು, ಊಟ. ಉಚಿತ ಅಂತ ಹೋದವರ ಈ ಲೆಕ್ಕ ಯಾರೂ ಬರೆಯಲ್ಲ. ಮೊದಲ ಸಲವೇ ಹತ್ತಿರದ ತಾರೀಖು ಸಿಗದಿದ್ದರೆ, ಯೋಜನೆ ಇರುವ ಖಾಸಗಿಗೆ ರೆಫರ್ ಮಾಡಿ ಅಂತ ಅಲ್ಲೇ ಕೂತು ಕೇಳಿ.

ಉತ್ತರ 1, ಮತ್ತೆ: ಒಂದು ಮರೆತೆ. ಸ್ಟೆಂಟ್ ಆದ ಮೇಲೆ ರಕ್ತ ತೆಳು ಮಾಡುವ ಮಾತ್ರೆ ತಿಂಗಳುಗಟ್ಟಲೆ ಇರುತ್ತದೆ. ಡಾಕ್ಟರ್ ಹೇಳದೆ ಒಂದು ದಿನವೂ ಬಿಡಬೇಡಿ. ನಾವು ಜನೌಷಧಿ ಅಂಗಡಿಯಲ್ಲಿ ತರುತ್ತೇವೆ, ಖರ್ಚು ಅರ್ಧಕ್ಕಿಂತ ಕಡಿಮೆ. ಹೋಗುವಾಗ ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿಕೊಂಡು ಹೋಗಿ, ಕಂಪನಿ ಹೆಸರು ಹೇಳಿದರೆ ಅಲ್ಲಿ ಸಿಗಲ್ಲ.